ಚದುರಂಗದ ಅಕ್ಕಿಕಾಳಿನ ಲೆಕ್ಕ, ಕೊನೇಲಿ ಸೊನ್ನೆ ಹೆಂಗೆ ಬಂತು?

ಹಳೇಸ್ಲೇಟು: ನಿನ್ನೆ ರಾತ್ರಿ ಮಗಳಿಗೆ ಆ ಚದುರಂಗದ ಕತೆ ಹೇಳ್ದೆ, ಮೊದಲ ಮನೆಗೆ ಒಂದು ಕಾಳು, ಎರಡನೇದಕ್ಕೆ ಎರಡು, ಆಮೇಲೆ ನಾಲ್ಕು, ಹಿಂಗೇ 64 ಮನೆವರೆಗೂ ಡಬಲ್ ಮಾಡ್ತಾ ಹೋದ್ರೆ ರಾಜನ ಕಣಜನೇ ಖಾಲಿ ಅನ್ನೋದು. ಒಟ್ಟು ಎಷ್ಟಪ್ಪ ಅಂದ್ಲು, ಲ್ಯಾಪ್‌ಟಾಪಲ್ಲಿ ಸ್ಪ್ರೆಡ್‌ಶೀಟ್ ತೆಗ್ದು 64 ಸಾಲು ಕೂಡಿಸಿದ್ರೆ 18446744073709600000 ಅಂತ ಬಂತು. ಅವಳಿನ್ನೂ ಏಳನೇ ಕ್ಲಾಸು. "ಅಪ್ಪಾ ಇದು ತಪ್ಪು, ಮೊದಲ ಮನೇಲಿ ಒಂದು ಕಾಳಿದೆ, ಮಿಕ್ಕಿದ್ದೆಲ್ಲ ಸಮಸಂಖ್ಯೆ, ಮೊತ್ತ ಬೆಸ ಬರ್ಬೇಕಲ್ವಾ" ಅಂದ್ಬಿಟ್ಲು. ನಂಗೆ ಉತ್ರನೇ ಹೊಳೀಲಿಲ್ಲ. ಕಂಪ್ಯೂಟರ್ ಕೂಡೋದ್ರಲ್ಲಿ ತಪ್ಪು ಮಾಡುತ್ತಾ?

ಬಿಟ್‌ಬೈಟ್: ಮಗಳು ಹೇಳಿದ್ದೇ ಸರಿ ಸರ್. ನಿಜವಾದ ಮೊತ್ತ 18446744073709551615. ಸ್ಪ್ರೆಡ್‌ಶೀಟ್ 15 ಅಂಕಿ ಮಾತ್ರ ತೋರ್ಸುತ್ತೆ, ಇದು 20 ಅಂಕಿ, ಹದಿನೈದನೇ ಅಂಕಿನ ರೌಂಡ್ ಮಾಡಿ ಮಿಕ್ಕ ಜಾಗಕ್ಕೆ ಸೊನ್ನೆ ತುಂಬಿದೆ ಅಷ್ಟೇ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ 2**64-1 (2ರ 64ನೇ ಘಾತ ಮೈನಸ್ 1) ಅಂತ ಹೊಡೀರಿ, ಪೂರ್ತಿ ಬರುತ್ತೆ. ಅಂದ್ರೆ 65ನೇ ಮನೆ ಅಂತ ಒಂದಿದ್ದಿದ್ರೆ ಅದಕ್ಕೆ ಎಷ್ಟು ಕಾಳು ಬೀಳ್ತಿತ್ತೋ ಅದಕ್ಕಿಂತ ಒಂದೇ ಒಂದು ಕಮ್ಮಿ. ಕೊನೇ ಅಂಕಿ ಬಾಯಲ್ಲೇ ಹೇಳ್ಬೋದು, ಎರಡರ ಘಾತಗಳು 2, 4, 8, 6 ಅಂತ ಸುತ್ತು ಹೊಡೀತಾವೆ, 64 ನಾಲ್ಕರಿಂದ ಭಾಗ ಹೋಗೋದ್ರಿಂದ 6ಕ್ಕೆ ನಿಲ್ಲುತ್ತೆ, ಒಂದು ಕಳೀರಿ 5.

ಧಾರವಾಡಪೇಡೆ: ಖರೇ ಮಜಾ ಅಪವರ್ತನ ಬಿಡಿಸಿದಾಗ ಐತಿ ನೋಡ್ರಿ. ಎ ವರ್ಗ ಮೈನಸ್ ಬಿ ವರ್ಗ ಅಂತ ಸಾಲ್ಯಾಗ ಕಲ್ತಿರ್ತೀವಲ್ಲ, ಅದನ್ನ ಮತ್ತ ಮತ್ತ ಹಚ್ಚಿದ್ರ 3 × 5 × 17 × 257 × 65537 × 4294967297 ಬರ್ತದ. ಮೊದಲಿನ ಐದೂ ಅವಿಭಾಜ್ಯ. 2, 4, 16 ಹಿಂಗ ವರ್ಗ ಮಾಡ್ಕೋತ ಹೋಗಿ 1 ಕೂಡ್ಸಿದ ಈ ಜಾತಿ ಸಂಖ್ಯೆ ಎಲ್ಲಾನೂ ಅವಿಭಾಜ್ಯನ ಇರಬೇಕು ಅಂತ ಗಣಿತಜ್ಞ ಫರ್ಮಾ ಊಹೆ ಮಾಡಿದ್ದ, 1732ರಾಗ ಇನ್ನೊಬ್ಬ ಗಣಿತಜ್ಞ ಆಯ್ಲರ್ ಬಂದು ಆ ಆರನೇದು 641ರಿಂದ ಭಾಗ ಹೋಗ್ತದ ಅಂತ ತೋರ್ಸಿದ. ಉಳಿಯೋದು 6700417, ಅದೂ ಅವಿಭಾಜ್ಯ. ಅಲ್ಲಿಗೆ ಬ್ಯಾರೆ ಬ್ಯಾರೆ ಏಳು ಅವಿಭಾಜ್ಯ ಆತು, ಒಂದೊಂದನ್ನೂ ತೊಗೊಳ್ಳೋದು ಇಲ್ಲಾ ಬಿಡೋದು, ಎರಡನ್ನ ಏಳು ಸಲ ಗುಣಿಸಿದಂಗ, ಅಂದ್ರ ನಿಮ್ಮ ಕಾಳಿನ ರಾಶಿಗೆ ಒಟ್ಟು 128 ಭಾಜಕ.

ಅನ್ನಸಾರು: ನಂಗೆ ಅಕ್ಕಿದೇ ಚಿಂತೆ. ಒಂದು ಕಾಳು 20 ಮಿಲಿಗ್ರಾಂ ಅಂತ ಹಿಡಿದ್ರೂ ಸುಮಾರು 37,000 ಕೋಟಿ ಟನ್! ಪ್ರಪಂಚದಲ್ಲಿ ಈಗ ಬೆಳೆಯೋ ಅಕ್ಕಿನೆಲ್ಲ ಸುಮಾರು 700 ವರ್ಷ ಕೂಡಿಡ್ಬೇಕು, ಮಧ್ಯೆ ಯಾರೂ ಊಟ ಮಾಡಂಗಿಲ್ಲ 😄

ಹಳೇಸ್ಲೇಟು: ಎಲ್ರಿಗೂ ಥ್ಯಾಂಕ್ಸ್. ಪೇಡೆಯವರು ಹಾಕಿದ್ದು ಮಗಳಿಗೆ ಓದಿ ಹೇಳಿದ್ದೇ ತಪ್ಪಾಯ್ತು, 4294967297ನ್ನ 641ರಿಂದ ಕೈಯಲ್ಲೇ ಭಾಗಿಸ್ತೀನಿ ಅಂತ ರಫ್ ನೋಟ್ ಹಿಡ್ಕೊಂಡು ಕೂತ್ಲು. 4489ರಲ್ಲಿ ಏಳು ಸಲ ಹೋಗಿ 2 ಉಳೀತು, 6 ಇಳಿಸಿದ್ಲು 26, 7 ಇಳಿಸಿದ್ಲು 267, ಈ ಎರಡರಲ್ಲೂ 641 ಹೋಗಲ್ಲ ಅಂತ ಮೇಲೆ ಏನೂ ಬರೀದೆ ಮುಂದೆ ಹೋಗಿ ಕೊನೆಗೆ 67417 ಅಂತ ತಂದು ತೋರ್ಸಿದ್ಲು. ಈ ಸಲ ಸೊನ್ನೆ ಹಾಕೋದು ಮರ್ತಿದ್ದು ಅವಳು.