ಸೀನಿಯರ್ ಒಬ್ಬರು ನನ್ನ ಪಿಆರ್ (ಪುಲ್ ರಿಕ್ವೆಸ್ಟ್) ಮರ್ಜ್ ಆಗಲು ಬಿಡುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ:
ಆರು ಜನರ ತಂಡ. ಪೇಮೆಂಟ್ ಮಾಡ್ಯೂಲ್‌ಗೆ ಆ ಸೀನಿಯರ್ ಒಬ್ಬರೇ ಕೋಡ್‌ಓನರ್, ಅವರು ಅಪ್ರೂವ್ ಮಾಡದೆ ಮೇನ್ ಬ್ರಾಂಚ್‌ಗೆ ಏನೂ ಹೋಗದು. ನನ್ನ 900 ಸಾಲಿನ ಪಿಆರ್, ಅಂದರೆ ಕೋಡ್ ಸೇರಿಸುವ ಕೋರಿಕೆ, ಎರಡು ವಾರದಿಂದ ಹಾಗೇ ನಿಂತಿದೆ. ಬರುವ ಕಾಮೆಂಟೆಲ್ಲ ವೇರಿಯಬಲ್ ಹೆಸರು, ಸ್ಪೇಸ್, ಬ್ರ್ಯಾಕೆಟ್ ಬಗ್ಗೆ. ಒಂದು ಸರಿಮಾಡಿದರೆ ಇನ್ನೆರಡು ಹುಟ್ಟುತ್ತವೆ. ಮ್ಯಾನೇಜರ್ ಹತ್ತಿರ ಹೋದರೆ ಚಾಡಿ ಹೇಳಿದಂತಾಗುತ್ತದೆ. ದಾರಿ ಇದೆಯೇ?

ಉತ್ತರ 1:
ಮೊದಲು 900 ಸಾಲನ್ನು ಒಡೆಯಿರಿ. ಅಷ್ಟು ದೊಡ್ಡ ಪಿಆರ್‌ನ ಲಾಜಿಕ್ ಯಾರ ತಲೆಯಲ್ಲೂ ಒಟ್ಟಿಗೆ ನಿಲ್ಲುವುದಿಲ್ಲ, ಕಣ್ಣು ಸಣ್ಣಪುಟ್ಟದಕ್ಕೇ ಅಂಟಿಕೊಳ್ಳುತ್ತದೆ. ಎಲ್ಲವನ್ನೂ ಅವರ ಅಹಂ ಎನ್ನಬೇಡಿ. ಹೆಸರು ಬದಲಾವಣೆ, ರಿಫ್ಯಾಕ್ಟರಿಂಗ್ (ನಡವಳಿಕೆ ಬದಲಿಸದೆ ಕೋಡ್ ಮರುಜೋಡಿಸುವುದು) ಒಂದು ಪಿಆರ್. ನಡವಳಿಕೆ ಬದಲಿಸುವ ಕೋಡ್ ಅದರ ಟೆಸ್ಟ್‌ಗಳ ಸಮೇತ ಇನ್ನೊಂದು. 200ರಿಂದ 400 ಸಾಲು ಸಾಕು.

ಸ್ಪೇಸ್, ಬ್ರ್ಯಾಕೆಟ್ ಜಗಳವನ್ನು ಮನುಷ್ಯರ ಕೈಯಿಂದಲೇ ತೆಗೆಯಿರಿ. ಕೋಡನ್ನು ತಾನಾಗಿ ಒಪ್ಪಗೊಳಿಸುವ ಪ್ರೆಟಿಯರ್, ಬ್ಲ್ಯಾಕ್, ಗೋಫ್ಮ್ಟ್, ನಿಮ್ಮ ಭಾಷೆಗೆ ಯಾವುದೋ ಅದನ್ನು ಸಿಐನಲ್ಲಿ (ಕೋಡ್ ಸೇರಿಸುವಾಗ ತಾನಾಗಿ ನಡೆಯುವ ತಪಾಸಣೆ) ಕಡ್ಡಾಯ ಮಾಡಿ. ಹಳೆಯ ಕೋಡನ್ನೆಲ್ಲ ಫಾರ್ಮ್ಯಾಟ್ ಮಾಡುವ ಕಮಿಟ್ (ದಾಖಲಾದ ಬದಲಾವಣೆ) ಬೇರೆಯೇ ಇರಲಿ, ಅದರ ಹ್ಯಾಶ್ (ಗುರುತು ಸಂಖ್ಯೆ) ಅನ್ನು ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಫೈಲಿಗೆ ಸೇರಿಸಿ. ಇಲ್ಲದಿದ್ದರೆ ಬ್ಲೇಮ್ (ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಎಂಬ ಪಟ್ಟಿ) ನೋಡಿದಾಗ ಊರಿನ ಬಗ್‌ಗಳೆಲ್ಲ ನಿಮ್ಮ ಹೆಸರಲ್ಲಿ ಕಾಣುತ್ತವೆ, ಅಲ್ಲಿಂದ ಹೊಸ ರಾಜಕೀಯ ಶುರು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಹಠವೂ ಇರುತ್ತದೆ. ಗುರುತಿಸುವುದು ಸುಲಭ: ಬೇರೆಯವರ ಪಿಆರ್‌ನಲ್ಲಿ ಪಾಸಾದ ಮಾದರಿಯೇ ನಿಮ್ಮದರಲ್ಲಿ ತಪ್ಪಾಗುತ್ತದೆ, ಅಥವಾ ಮೊದಲ ಸುತ್ತಿನಲ್ಲೇ ಹೇಳಬಹುದಾಗಿದ್ದು ನಾಲ್ಕನೇ ಸುತ್ತಿನಲ್ಲಿ ಬರುತ್ತದೆ.

ಪ್ರತಿ ಕಾಮೆಂಟಿಗೂ 'ನಿಟ್' (ಸಣ್ಣಪುಟ್ಟದ್ದು) ಅಥವಾ 'ಬ್ಲಾಕರ್' (ಸರಿಮಾಡಲೇಬೇಕಾದ್ದು) ಎಂದು ಗುರುತು ಹಾಕುವ ನಿಯಮ ತನ್ನಿ. ನಿಟ್‌ಗಾಗಿ ಮರ್ಜ್ ನಿಲ್ಲಿಸುವಂತಿಲ್ಲ. ಎರಡು ಸುತ್ತಿನಲ್ಲಿ ಮುಗಿಯದಿದ್ದರೆ 15 ನಿಮಿಷ ಕಾಲ್ ಮಾಡಿ, ತೀರ್ಮಾನವನ್ನು ಪಿಆರ್‌ನಲ್ಲೇ ಬರೆಯಿರಿ. ಬರೆದಿಡದ ಒಪ್ಪಂದ ಮರುದಿನ ಇರುವುದಿಲ್ಲ.

ನಿಜವಾದ ಗಂಟು ಒಬ್ಬರೇ ಓನರ್ ಆಗಿರುವುದು. ಇನ್ನೊಬ್ಬರನ್ನು ಸೇರಿಸಲು ರೆಟ್ರೋದಲ್ಲಿ (ತಂಡ ತನ್ನ ಕೆಲಸವನ್ನು ಹಿಂತಿರುಗಿ ನೋಡುವ ಸಭೆ) ಕೇಳಿ, 'ನೀವು ರಜೆಯಲ್ಲಿದ್ದಾಗ ರಿಲೀಸ್ ನಿಲ್ಲಬಾರದು' ಎಂಬ ಕಾರಣ ಕೊಟ್ಟು. ಅವರ ಮರ್ಯಾದೆಗೂ ಧಕ್ಕೆಯಿಲ್ಲ. ಮ್ಯಾನೇಜರ್ ಹತ್ತಿರ ಹೋಗಲೇಬೇಕಾದರೆ ವ್ಯಕ್ತಿಯ ಮಾತು ಎತ್ತಬೇಡಿ. ಪಿಆರ್ ತೆರೆದ ದಿನ, ಮೊದಲ ಕಾಮೆಂಟ್ ಬಂದ ದಿನ, ಎಷ್ಟು ಸುತ್ತು, ಇಷ್ಟೇ ತೋರಿಸಿ.

ಪ್ರಶ್ನೆ ಕೇಳಿದವರು:
ಗಿಟ್‌ಹಬ್‌ನಲ್ಲಿ ಎರಡನೇ ಓನರ್ ಹಾಕಿದರೆ ಇಬ್ಬರದೂ ಅಪ್ರೂವಲ್ ಬೇಕಾಗುತ್ತದೆಯೇ? ಹಾಗಾದರೆ ಇನ್ನೂ ಕಷ್ಟ.

ಉತ್ತರ 2:
ಇಲ್ಲ, ಇಬ್ಬರಲ್ಲಿ ಒಬ್ಬರದು ಸಾಕು. ಆದರೆ ಇಬ್ಬರ ಹೆಸರೂ ಓನರ್‌ಗಳನ್ನು ಪಟ್ಟಿ ಮಾಡುವ ಕೋಡ್‌ಓನರ್ಸ್ ಫೈಲಿನ ಒಂದೇ ಸಾಲಿನಲ್ಲಿರಬೇಕು. ಅದೇ ಪಾತ್ (ಫೈಲ್ ಅಥವಾ ಫೋಲ್ಡರಿನ ವಿಳಾಸ) ಅನ್ನು ಎರಡು ಸಾಲುಗಳಲ್ಲಿ ಬರೆದರೆ ಕೊನೆಯ ಸಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಳೆಯ ಓನರ್ ಸದ್ದಿಲ್ಲದೆ ಹೊರಬೀಳುತ್ತಾರೆ, ನೀವು ಬೇಕೆಂದೇ ಮಾಡಿದ್ದೀರಿ ಎಂದುಕೊಳ್ಳುತ್ತಾರೆ. ಆ ಫೈಲಿನ ಬದಲಾವಣೆಗೆ ಅವರನ್ನೇ ರಿವ್ಯೂಯರ್ ಮಾಡಿ.