ನಿಜವಾದ ಹೆರಿಗೆ ನೋವು ಗೊತ್ತಾಗುವುದು ಹೇಗೆ? ಲೇಬರ್ ವಾರ್ಡ್ ಸಿಸ್ಟರ್ ಹತ್ತಿರ ಕೇಳಿ

ಪ್ರಶ್ನೆ, ಹೆಬ್ರಿ ಕಡೆಯಿಂದ:

ನಮಸ್ಕಾರ ಸಿಸ್ಟರ್. ನನಗೆ 38 ವಾರ ಮುಗಿಯಿತು. ಚೊಚ್ಚಲ. ಬಯಕೆ ಶಾಸ್ತ್ರ ಮುಗಿಸಿ ತವರಿಗೆ ಬಂದಿದ್ದೇನೆ. ಮನೆ ಹೆಬ್ರಿಯಿಂದ ಇನ್ನೂ ಆರು ಕಿಲೋಮೀಟರ್ ಒಳಗೆ, ತೋಟದ ನಡುವೆ ಉಂಟು. ಹೆಸರು ಬರೆಸಿದ್ದು ಉಡುಪಿಯಲ್ಲಿ. ಈ ಮಳೆಯಲ್ಲಿ ಹೋಗಲಿಕ್ಕೆ ಒಂದೂಕಾಲು ಗಂಟೆ ಬೇಕು.

ಮೊನ್ನೆ ರಾತ್ರಿ ಎರಡು ಗಂಟೆಗೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋವು ಬಂತು. ಅಪ್ಪ ಪಕ್ಕದ ಮನೆಯವರನ್ನು ಎಬ್ಬಿಸಿ ಜೀಪು ತರಿಸಿದರು. ಆಸ್ಪತ್ರೆ ಮುಟ್ಟುವಾಗ ನೋವೇ ಇಲ್ಲ! ಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿ ತೆರೆದಿಲ್ಲ, ಮನೆಗೆ ಹೋಗಿ ಎಂದರು. ನನಗೆ ನಾಚಿಕೆಯಾಗಿ ಹೋಯಿತು. ಇನ್ನು ನಿಜವಾದ ನೋವು ಬಂದಾಗ ಹೇಗೆ ಗೊತ್ತಾಗುತ್ತದೆ? ಬೇಗ ಹೋದರೆ ವಾಪಸ್ ಕಳಿಸುತ್ತಾರೆ, ತಡ ಮಾಡಿದರೆ ದಾರಿಯಲ್ಲೇ ಆದರೆ ಎಂಬ ಹೆದರಿಕೆ. ಅಪ್ಪ ನೋವು ಬಂದ ಹೊತ್ತನ್ನು ಮೆಸ್ಕಾಂ ಬಿಲ್ಲಿನ ಹಿಂದೆ ಬರೆದಿಟ್ಟಿದ್ದರು: 2.10, 2.31, 2.38, 3.02.

ಸಿಸ್ಟರ್ ಉತ್ತರ:

ಮೊದಲು ಆ ನಾಚಿಕೆ ಬಿಡಿ. ಹದಿನಾರು ವರ್ಷದಿಂದ ಲೇಬರ್ ವಾರ್ಡಿನಲ್ಲಿದ್ದೇನೆ. ಒಂದು ಸಲ ಬಂದು ವಾಪಸ್ ಹೋಗಿ, ಮತ್ತೆ ಬಂದು ಹೆತ್ತವರು ಎಷ್ಟೋ ಜನ. ನೀವು ಬಂದದ್ದರಿಂದ ಮಗುವಿನ ಎದೆಬಡಿತ ಸರಿ ಉಂಟು ಅಂತ ಗೊತ್ತಾಯಿತು. ಅದು ಸುಮ್ನೆ ಹೋದ ಓಡಾಟ ಅಲ್ಲ.

ನಿಮ್ಮ ಅಪ್ಪ ಬರೆದ ಬಿಲ್ಲು ನೋಡಿ. ಮೊದಲ ನೋವಿಗೂ ಎರಡನೆಯದಕ್ಕೂ ನಡುವೆ 21 ನಿಮಿಷ. ಆಮೇಲೆ 7. ಆಮೇಲೆ 24. ಲೆಕ್ಕವೇ ಕೂಡುವುದಿಲ್ಲ ಅಲ್ವಾ? ಸುಳ್ಳು ನೋವಿನ ಗುರುತು ಇದೇ. ಡಾಕ್ಟರುಗಳು ಇದಕ್ಕೆ ಬ್ರಾಕ್ಸ್‌ಟನ್ ಹಿಕ್ಸ್ ಎನ್ನುತ್ತಾರೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಡಾಕ್ಟರ ಹೆಸರು ಅದು. ಸುಳ್ಳು ಅಂತ ಹೆಸರಿದ್ದರೂ ನೋವು ಸುಳ್ಳಲ್ಲ. ಗರ್ಭಕೋಶ ನಿಜವಾಗಿಯೂ ಬಿಗಿಯುತ್ತದೆ. ಆದರೆ ಬಾಯಿ ತೆರೆಯುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ, ಮಗ್ಗಲು ಬದಲಿಸಿದರೆ, ಮೂತ್ರ ಮಾಡಿ ಬಂದು ಎರಡು ಲೋಟ ನೀರು ಕುಡಿದರೆ ಹೆಚ್ಚಾಗಿ ಕಡಿಮೆಯಾಗುತ್ತದೆ.

ನಿಜವಾದ ನೋವು ಏನು ಮಾಡಿದರೂ ಬಿಡುವುದಿಲ್ಲ. ಸುಮಾರು ಜನರಿಗೆ ಸೊಂಟದಿಂದ ಶುರುವಾಗಿ ಮುಂದೆ ಕಿಬ್ಬೊಟ್ಟೆಗೆ ಸುತ್ತಿಕೊಂಡು ಬರುತ್ತದೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ನಡುವೆ ಪೂರ್ತಿ ಬಿಡುವು ಕೊಡುತ್ತದೆ. ಹೊತ್ತು ಹೋದ ಹಾಗೆ ಬಿಡುವು ಕಡಿಮೆಯಾಗಿ, ನೋವು ಉದ್ದವಾಗುತ್ತದೆ. ನೋವಿನ ತುದಿಯಲ್ಲಿ ನಿಮಗೆ ಮಾತಾಡಲಿಕ್ಕೆ ಆಗುವುದಿಲ್ಲ. ಅಮ್ಮ ಏನಾದರೂ ಕೇಳಿದರೆ ಕೈ ಎತ್ತಿ "ತಡಿ" ಎನ್ನುತ್ತೀರಿ. ನಾನು ವಾರ್ಡಿನ ಬಾಗಿಲಲ್ಲಿ ಮೊದಲು ನೋಡುವುದು ಅದನ್ನೇ. ನಗುತ್ತಾ ಹೆಸರು, ಊರು ಹೇಳುವವರಿಗೆ ಹೆಚ್ಚಾಗಿ ಇನ್ನೂ ಹೊತ್ತು ಉಂಟು.

ಹೊತ್ತು ಲೆಕ್ಕ ಹಾಕುವಾಗ ಒಂದು ನೋವು ಶುರುವಾದಲ್ಲಿಂದ ಇನ್ನೊಂದು ಶುರುವಾಗುವವರೆಗೆ ಎಣಿಸಿ. ಚೊಚ್ಚಲಕ್ಕೆ ಸಾಮಾನ್ಯವಾಗಿ ಹೇಳುವುದು ಹೀಗೆ: 5 ನಿಮಿಷಕ್ಕೊಂದು ನೋವು, ಪ್ರತಿಯೊಂದೂ 1 ನಿಮಿಷ, ಹೀಗೆ 1 ಗಂಟೆ ನಡೆದರೆ ಹೊರಡಿ. ಆದರೆ ಅದು ಆಸ್ಪತ್ರೆ ಹತ್ತಿರ ಇರುವವರ ಲೆಕ್ಕ. ನಿಮ್ಮ ಮನೆಯಿಂದ ಒಂದೂಕಾಲು ಗಂಟೆ ದಾರಿ. ನೀವು 5 ನಿಮಿಷಕ್ಕೆ ಕಾಯಬೇಡಿ. 8ರಿಂದ 10 ನಿಮಿಷಕ್ಕೊಂದರಂತೆ ಸರಿಯಾಗಿ ಬರಲಿಕ್ಕೆ ಶುರುವಾಗಿ, ನಡೆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಟುಬಿಡಿ.

ಪ್ರಶ್ನೆ, ಅದೇ ಹೆಬ್ರಿಯವರಿಂದ:

ತುಂಬಾ ಸಮಾಧಾನ ಆಯಿತು ಸಿಸ್ಟರ್. ಆದರೆ ಬಾಯಿ ತೆರೆದಿಲ್ಲ ಅಂತ ಯಾಕೆ ಕಳಿಸುತ್ತಾರೆ? ಅಲ್ಲೇ ಮಲಗಿಸಿಕೊಂಡರೆ ಆಗುವುದಿಲ್ಲವೇ?

ಸಿಸ್ಟರ್ ಉತ್ತರ:

ಬಾಯಿ ಪೂರ್ತಿ ತೆರೆಯುವುದು ಎಂದರೆ 10 ಸೆಂಟಿಮೀಟರ್. ಮೊದಲ 5 ಸೆಂಟಿಮೀಟರ್ ತುಂಬಾ ನಿಧಾನ. ಚೊಚ್ಚಲದಲ್ಲಿ ಒಂದು ಹಗಲು ಒಂದು ರಾತ್ರಿ ಹಿಡಿದರೂ ಆಶ್ಚರ್ಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಅದನ್ನೇ: ಜೋರಾದ ಹಂತ ಶುರುವಾಗುವುದು 5 ಸೆಂಟಿಮೀಟರ್ ಆದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಗಂಜಿ ಕುಡಿದು, ಓಡಾಡಿಕೊಂಡು, ನಡುವೆ ನಿದ್ದೆ ಮಾಡಿದವರು ವಾರ್ಡಿನ ಮಂಚದಲ್ಲಿ ಮಲಗಿ ಗಡಿಯಾರ ನೋಡುವವರಿಗಿಂತ ಗಟ್ಟಿಯಾಗಿರುತ್ತಾರೆ. ಆದರೆ ದೂರದವರು ಧೈರ್ಯವಾಗಿ ಬಾಯಿಬಿಟ್ಟು ಹೇಳಬೇಕು: "ನಮ್ಮ ಮನೆ ಒಂದೂಕಾಲು ಗಂಟೆ ದಾರಿ, ರಾತ್ರಿ ಗಾಡಿ ಸಿಗುವುದಿಲ್ಲ" ಅಂತ. ಕೇಳಿದರೆ ಎಷ್ಟೋ ಸಲ ಇಟ್ಟುಕೊಳ್ಳುತ್ತಾರೆ. ಉಡುಪಿಯಲ್ಲಿ ನೆಂಟರ ಮನೆ ಇದ್ದರೆ 39 ವಾರಕ್ಕೆ ಅಲ್ಲಿ ಹೋಗಿ ಇರುವುದೂ ಒಳ್ಳೆಯದು.

ಪ್ರಶ್ನೆ, ಉಳ್ಳಾಲದಿಂದ:

ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇನೆ, 37 ವಾರ. ಎರಡು ದಿನದಿಂದ ಒಳಬಟ್ಟೆ ಸ್ವಲ್ಪ ಸ್ವಲ್ಪ ಒದ್ದೆಯಾಗುತ್ತಿದೆ. ಕೆಮ್ಮಿದರೆ ಜಾಸ್ತಿ. ಅತ್ತೆ ಮೂತ್ರ ಎನ್ನುತ್ತಾರೆ. ಇದು ನೀರು ಹೋಗುವುದಾ?

ಸಿಸ್ಟರ್ ಉತ್ತರ:

ನೀವು ಇದನ್ನು ಓದಿ ಮುಗಿಸಿ ಇವತ್ತೇ ಹೋಗಿ ತೋರಿಸಿ. ಉಳ್ಳಾಲದಿಂದ ಅಷ್ಟೇನೂ ದೂರ ಇಲ್ಲ, ತೊಕ್ಕೊಟ್ಟು, ಸೇತುವೆ ಕಡೆ ಬ್ಲಾಕ್ ಆಗುವ ಮೊದಲೇ ಹೊರಡಿ.

ನೀರು ಹೋಗುವುದು ಅಂದರೆ ಬಕೆಟ್ ಮಗುಚಿದ ಹಾಗೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಕೆಲವರಿಗೆ ಹಾಗೇ. ಕೆಲವರಿಗೆ ಹನಿ ಹನಿ. ನನಗೆ ಮೊದಲ ಮಗುವಿನಲ್ಲಿ ಹನಿ ಹನಿಯೇ ಆದದ್ದು. ನರ್ಸ್ ಆಗಿದ್ದೂ ಅರ್ಧ ದಿನ ಮೂತ್ರ ಅಂತಲೇ ಅಂದುಕೊಂಡೆ. ಮನೆಯಲ್ಲಿ ನೋಡುವ ದಾರಿ ಹೀಗೆ: ಮೂತ್ರ ಮಾಡಿ ಬಂದು, ಒಗೆದು ಒಣಗಿಸಿದ ಬಿಳಿ ಮುಂಡಿನ ತುಂಡನ್ನೋ ಪ್ಯಾಡನ್ನೋ ಇಟ್ಟುಕೊಂಡು ಅರ್ಧ ಗಂಟೆ ಓಡಾಡಿ. ಮೂತ್ರವಾದರೆ ಹಳದಿ, ವಾಸನೆ ಗೊತ್ತಾಗುತ್ತದೆ, ಬಿಗಿ ಹಿಡಿದರೆ ನಿಲ್ಲುತ್ತದೆ. ಗರ್ಭದ ನೀರು ಸಾಮಾನ್ಯವಾಗಿ ತಿಳಿಯಾಗಿ, ಗಂಜಿ ತಿಳಿಗಿಂತಲೂ ತೆಳ್ಳಗೆ ಇರುತ್ತದೆ. ಬಿಗಿ ಹಿಡಿದರೂ ನಿಲ್ಲುವುದಿಲ್ಲ. ಆದರೆ ಬಟ್ಟೆ ಒಣಗಿದ್ದರೂ ನಿಮ್ಮ ವಿಷಯದಲ್ಲಿ ಪರೀಕ್ಷೆ ಆಗಲೇಬೇಕು, ಎರಡು ದಿನ ಆಗಿದೆ. ನೀರಿನ ಚೀಲ ಒಡೆದ ಮೇಲೆ ಹೊತ್ತು ಹೋದಷ್ಟೂ ಒಳಗೆ ಸೋಂಕು ಏರುವ ಭಯ. ನೋವು ಇಲ್ಲ ಅಂತ ಮನೆಯಲ್ಲಿ ಕೂರುವಂತಿಲ್ಲ. ಆ ಪ್ಯಾಡನ್ನು ಬಿಸಾಡಬೇಡಿ, ಡಾಕ್ಟರಿಗೆ ತೋರಿಸಿ.

ಉಳಿದವರಿಗೂ ಹೇಳುತ್ತೇನೆ. ನೀರು ಹಸಿರಾಗಿಯೋ ಕಂದಾಗಿಯೋ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ. ಆಗ ಒಂದು ನಿಮಿಷ ಕೂಡ ಕಾಯಬೇಡಿ. ಕೆಳಗೆ ಹುರಿಯ ಹಾಗೆ ಏನಾದರೂ ತಾಗಿದರೆ ಅದು ಹೊಕ್ಕುಳ ಬಳ್ಳಿ. ಅದನ್ನು ಮುಟ್ಟದೆ, ಮೊಣಕಾಲೂರಿ ಸೊಂಟ ಎತ್ತರಿಸಿ, ತಲೆ ತಗ್ಗಿಸಿಕೊಂಡು ಇರಿ. ಮನೆಯವರು 108ಕ್ಕೆ ಫೋನ್ ಮಾಡಲಿ. ಇದು ಅಪರೂಪ, ಆದರೆ ಗೊತ್ತಿರಬೇಕು.

ಮಾತು, ಕುಂದಾಪುರದ ಹಿರಿಯರೊಬ್ಬರಿಂದ:

ನಾನು ನಾಲ್ಕು ಹೆತ್ತವಳು. ನಮ್ಮ ಕಾಲದಲ್ಲಿ ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ, ಅದೇ ಗುರುತು ಅಂತ ಹೇಳುತ್ತಿದ್ದರು. ಹೊಟ್ಟೆ ಕೆಳಗೆ ಇಳಿಯುವುದೂ ಒಂದು ಗುರುತು. ನಮ್ಮ ಸೊಸೆ ನಿನ್ನೆಯಿಂದ ಮಗು ಆಡುವುದು ಕಮ್ಮಿ ಎನ್ನುತ್ತಿದ್ದಾಳೆ. ಹೆರಿಗೆ ಹತ್ತಿರ ಬಂತು ಅಂತ ಅಲ್ವಾ?

ಸಿಸ್ಟರ್ ಉತ್ತರ:

ಅಮ್ಮಾ, ಕೈಮುಗಿದು ಕೇಳುತ್ತೇನೆ, ಸೊಸೆಯನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಬೆಳಿಗ್ಗೆ ಅಲ್ಲ, ಈಗ.

ಹೊಟ್ಟೆ ಇಳಿಯುವ ವಿಷಯ ನೀವು ಹೇಳಿದ್ದು ಸರಿ. ಚೊಚ್ಚಲದವರಿಗೆ ಎರಡು ಮೂರು ವಾರ ಮೊದಲೇ ಮಗುವಿನ ತಲೆ ಕೆಳಗೆ ಕೂರುತ್ತದೆ. ಉಸಿರಾಟ ಹಗುರ, ಮೂತ್ರಕ್ಕೆ ಮಾತ್ರ ಪದೇ ಪದೇ ಓಟ. ಆದರೆ ಮಗು ಸುಮ್ಮನಾಗುವುದು ಹೆರಿಗೆಯ ಗುರುತಲ್ಲ. ಜಾಗ ಕಡಿಮೆಯಾದಾಗ ಒದೆಯುವ ಬದಲು ಹೊರಳಿದ ಹಾಗೆ, ತಳ್ಳಿದ ಹಾಗೆ ಅನ್ನಿಸಬಹುದು. ಆದರೆ ಆಟ ಕಡಿಮೆಯಾಗಬಾರದು. ನೋವು ಶುರುವಾದ ಮೇಲೂ ಮಗು ಆಡುತ್ತಿರುತ್ತದೆ.

ಹೀಗೆ ಎರಡು ದಿನ ಕಾದು ಬಂದವರ ಹೊಟ್ಟೆಯ ಮೇಲೆ ನಾನು ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಇಟ್ಟು ಹುಡುಕಿದ್ದೇನೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಆ ತಾಯಿ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಇನ್ನೊಬ್ಬರಿಗೆ ಹಾಗಾಗಬಾರದು ಅಂತಲೇ ಈ ಗುಂಪಿನಲ್ಲಿ ಉತ್ತರ ಬರೆಯುತ್ತಿದ್ದೇನೆ.

ಸ್ವಲ್ಪ ಅನುಮಾನ ಇದ್ದವರು ಊಟ ಮಾಡಿ, ಎಡ ಮಗ್ಗುಲಿಗೆ ಮಲಗಿ, ಹೊಟ್ಟೆ ಮೇಲೆ ಕೈ ಇಟ್ಟು ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ಹೊರಡಿ. ಕಮ್ಮಿಯಾಗಿದೆ ಅಂತ ಖಚಿತವಾಗಿ ಅನ್ನಿಸಿದವರು ಎಣಿಸುತ್ತಾ ಕೂರುವುದೂ ಬೇಡ. ನಿಮ್ಮ ಸೊಸೆಗೆ ನಿನ್ನೆಯಿಂದ ಹಾಗೆ ಅನ್ನಿಸುತ್ತಿದೆ. ಹೋಗಿ ಬಂದು ಇಲ್ಲಿ ಒಂದು ಸಾಲು ಬರೆಯಿರಿ.

ಪ್ರಶ್ನೆ, ಮಲ್ಪೆಯಿಂದ, ಒಬ್ಬ ಗಂಡನದ್ದು:

ಬೋಟ್ ರಜೆ, ಹಾಗಾಗಿ ಮನೆಯಲ್ಲೇ ಇದ್ದೇನೆ. ಹೆಂಡತಿಗೆ ಎರಡನೆಯದು, ಮೊದಲನೆಯದು ಸಿಸೇರಿಯನ್. ಬೆಳಿಗ್ಗೆ ಮೂಗಿನ ಸಿಂಬಳದ ಹಾಗೆ ಲೋಳೆ ಹೋಯಿತು, ಅದರಲ್ಲಿ ಕೆಂಪು ಗೆರೆ ಇತ್ತು. ನೋವಿಲ್ಲ. 39 ವಾರ.

ಸಿಸ್ಟರ್ ಉತ್ತರ:

ಗರ್ಭಕೋಶದ ಬಾಯಿಗೆ ಬಿರಡೆಯ ಹಾಗೆ ಇರುವ ಲೋಳೆ ಅದು. ಬಾಯಿ ಮೆತ್ತಗಾಗುವಾಗ ಹೊರಗೆ ಬರುತ್ತದೆ. ಅದಾದ ಮೇಲೆ ನೋವು ಇವತ್ತೇ ಬರಬಹುದು, ಒಂದು ವಾರ ಬಿಟ್ಟೂ ಬರಬಹುದು. ಗೆರೆಯಷ್ಟು ಕೆಂಪಿಗೆ ಹೆದರಬೇಡಿ. ಮುಟ್ಟಿನ ಹಾಗೆ ರಕ್ತ ಹೋದರೆ, ಹೊಟ್ಟೆ ಬಿಡುವೇ ಇಲ್ಲದೆ ಗಟ್ಟಿಯಾಗಿಯೇ ಉಳಿದರೆ ಅದು ಬೇರೆ ಮಾತು. ಆಗ ತಕ್ಷಣ ಹೊರಡಬೇಕು.

ನಿಮ್ಮವರಿಗೆ ಹಿಂದಿನ ಹೊಲಿಗೆ ಉಂಟಲ್ಲ, ಹಾಗಾಗಿ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ನೋವು ಶುರುವಾದರೆ 5 ನಿಮಿಷದ ಲೆಕ್ಕ ನಿಮಗಲ್ಲ. ಮೊದಲ ನೋವಿಗೇ ಹೊರಡಿ. ಹಳೆಯ ಹೊಲಿಗೆಯ ಜಾಗದಲ್ಲಿ ನೋವು ಬಿಡದೆ ಇದ್ದರೆ ಒಳಗೆ ಹೋಗುವಾಗಲೇ ಅದನ್ನು ಹೇಳಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಒಂದೇ ಚೀಲದಲ್ಲಿ ಇರಲಿ. ನೀವು ಮನೆಯಲ್ಲಿರುವುದು ಅವರಿಗೆ ದೊಡ್ಡ ಬಲ.

ಪ್ರಶ್ನೆ, ಸುರತ್ಕಲ್‌ನಿಂದ:

ನನಗೆ ದಿನ ಕೊಟ್ಟದ್ದು ನಿನ್ನೆಗೆ. ಏನೂ ಇಲ್ಲ. ಹರಳೆಣ್ಣೆ ಕುಡಿದರೆ ನೋವು ಬರುತ್ತದೆ ಅಂತ ದೊಡ್ಡಮ್ಮ ಹೇಳಿದರು. ಕುಡಿಯಲಾ?

ಸಿಸ್ಟರ್ ಉತ್ತರ:

ಬೇಡ. ಹೊಟ್ಟೆ ಕೆಟ್ಟು ಭೇದಿಯಾಗಿ, ಹೆರಿಗೆಗೆ ಬೇಕಾದ ಶಕ್ತಿ ಅಲ್ಲೇ ಹೋಗುತ್ತದೆ. ಗೊತ್ತಿಲ್ಲದ ಕಷಾಯವೂ ಬೇಡ. ಕೊಟ್ಟ ದಿನಕ್ಕೇ ಸರಿಯಾಗಿ ಹುಟ್ಟುವ ಮಕ್ಕಳು ತುಂಬಾ ಕಡಿಮೆ. 37ರಿಂದ 42 ವಾರದ ಒಳಗೆ ಯಾವಾಗ ಬೇಕಾದರೂ ಆಗಬಹುದು. ಆದರೆ ದಿನ ದಾಟಿದ ಮೇಲೆ ಡಾಕ್ಟರ್ ಹೇಳಿದ ತಪಾಸಣೆ ಒಂದನ್ನೂ ತಪ್ಪಿಸಬೇಡಿ. ಜೋರು ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ ಊದುವುದು ಕಂಡರೆ ಬಿಪಿ ಏರಿರಬಹುದು, ಅದೇ ಹೊತ್ತಿಗೆ ಹೋಗಿ. ರಾತ್ರಿ ಅಂಗೈ, ಅಂಗಾಲು ತುಂಬಾ ತುರಿಸಿದರೆ ಅದನ್ನೂ ಹೇಳಿ, ಸೆಕೆಗೆ ಅಂತ ಬಿಡಬೇಡಿ.

ಕುಂದಾಪುರದ ಹಿರಿಯರಿಂದ:

ಸಿಸ್ಟರ್, ಕರೆದುಕೊಂಡು ಹೋದೆವು. ಎದೆಬಡಿತದ ಪಟ್ಟಿ ಅಷ್ಟು ಸರಿ ಇಲ್ಲ ಅಂತ ಸಂಜೆಯೇ ಆಪರೇಷನ್ ಮಾಡಿದರು. ಗಂಡು ಮಗು, ಚೆನ್ನಾಗಿದ್ದಾನೆ. ನಾನು ಸುಮ್ಮನೆ ಕೂತಿದ್ದರೆ ಎಂದು ನೆನೆದು ಈಗಲೂ ಕೈ ನಡುಗುತ್ತದೆ.

ಸಿಸ್ಟರ್ ಉತ್ತರ:

ನೀವು ಕೇಳಿದಿರಿ, ಹೊರಟಿರಿ. ಸೊಸೆಗೆ ಹೊಟ್ಟೆ ತುಂಬಾ ಬಿಸಿ ಗಂಜಿ ಕೊಡಿ, ಡಾಕ್ಟರ್ ಊಟಕ್ಕೆ ಹೂಂ ಅಂದ ಮೇಲೆ.

ಹೆಬ್ರಿಯವರಿಂದ, ನಾಲ್ಕು ದಿನ ಬಿಟ್ಟು, ರಾತ್ರಿ 1.50ಕ್ಕೆ:

ಸಿಸ್ಟರ್, ಎಚ್ಚರ ಇದ್ದೀರಾ? ಅಪ್ಪ ಬರೆದದ್ದು: 1.05, 1.15, 1.24, 1.32, 1.41. ಒಂದೊಂದು ಐವತ್ತು ಸೆಕೆಂಡ್. ಜಗಲಿಯಲ್ಲಿ ನಡೆದೆ, ನೀರು ಕುಡಿದೆ, ಹೋಗಲಿಲ್ಲ. ಸೊಂಟದಿಂದ ಬರುತ್ತದೆ. ನೀರು ಹೋಗಿಲ್ಲ. ಮಗು ಆಡುತ್ತಿದೆ.

ಸಿಸ್ಟರ್ ಉತ್ತರ:

ನೈಟ್ ಡ್ಯೂಟಿಯಲ್ಲಿದ್ದೇನೆ. ಹೊರಡಿ. ಆಸ್ಪತ್ರೆಗೆ ಫೋನ್ ಮಾಡಿ, ದೂರದಿಂದ ಬರುತ್ತಿದ್ದೇವೆ ಎನ್ನಿ. ಹಿಂದಿನ ಸೀಟಿನಲ್ಲಿ ಎಡಕ್ಕೆ ವಾಲಿ ಕೂರಿ, ಬೆಲ್ಟ್ ಹೊಟ್ಟೆಯ ಕೆಳಗೆ ಇರಲಿ. ಅಪ್ಪನಿಗೆ ನಿಧಾನ ಬಿಡಲಿಕ್ಕೆ ಹೇಳಿ, ಹೊತ್ತು ಉಂಟು. ದಾರಿಯಲ್ಲಿ ಸಂಡಾಸಿಗೆ ಬಂದ ಹಾಗೆ ತಿಣುಕಬೇಕು ಅನ್ನಿಸಿದರೆ ಉಡುಪಿಯೇ ಆಗಬೇಕೆಂಬ ಹಟ ಬೇಡ, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ನುಗ್ಗಿ. ಆ ಬಿಲ್ಲನ್ನೂ ತನ್ನಿ.