ತಾಳಕ್ಕೆ ಕೂರದ ಲ್ಯಾಟಿನ್ ಹಾಡು, ಪೇಟಿಯಲ್ಲಿ ನುಡಿಸೋದು ಹೇಗೆ?

ಪೇಟಿಯವ, ಶಹಾಪುರ, ಬೆಳಗಾವಿ

ಹೋದ ತಿಂಗಳು ನಮಗೆ ಗಣಿತ ಕಲಿಸಿದ ಫಾದರ್ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಪೂಜೆಯೆಲ್ಲ ಕನ್ನಡದಲ್ಲೇ ಆಯಿತು, ಕೀಬೋರ್ಡ್, ತಬಲಾ ಎರಡೂ ಇದ್ದವು. ಆದರೆ ಪೆಟ್ಟಿಗೆ ಗುಂಡಿಗೆ ಇಳಿಸುವಾಗ ಸುತ್ತ ನಿಂತಿದ್ದ ಫಾದರ್‌ಗಳು ವಾದ್ಯವಿಲ್ಲದೆ, ಪುಸ್ತಕವಿಲ್ಲದೆ, ಎಲ್ಲರೂ ಒಂದೇ ದನಿಯಲ್ಲಿ ಹಾಡಿದರು. ಲ್ಯಾಟಿನ್ ಹಾಡು, 'ಸಾಲ್ವೆ ರೆಜಿನಾ' ಅಂತ ಶುರು.

ನಾನು ಸೋಮವಾರದ ಭಜನೆಗೆ ಪೇಟಿ (ಹಾರ್ಮೋನಿಯಂ) ನುಡಿಸುವವನು. ಏನೇ ಕೇಳಿದರೂ ಬೆರಳು ಹುಡುಕುತ್ತೆ, ಚಟ. ಮನೆಗೆ ಬಂದು ಹುಡುಕಿದೆ: ಸ ಗ ಪ ಧ ಪ. ಮಧ್ಯಮ, ನಿಷಾದ ಇಲ್ಲದ ಭೂಪ ರಾಗ ಸಿಕ್ಕಿತು ಅಂತ ಖುಷಿಯಾಯಿತು. ಮುಂದೆ ಹೋದರೆ ಮಧ್ಯಮ, ನಿಷಾದ ಎರಡೂ ಬಂದವು. ಭೂಪ ಹೋಯಿತು. ಅದಿರಲಿ, ತಾಳ? ನಮ್ಮ ತಬಲಾದವನು ಕೇರವಾ ಹಾಕಿದ, ದಾದರಾ ಹಾಕಿದ. ಎರಡನೇ ಸಾಲಿಗೆ ಸಮ್ (ತಾಳದ ಮೊದಲ ಪೆಟ್ಟು) ಒಂದು ಕಡೆ, ಹಾಡು ಒಂದು ಕಡೆ. "ನೀನೇ ತಪ್ಪು ನುಡಿಸಾಕತ್ತಿ" ಅಂತ ನನ್ನ ಮೇಲೇ ಹಾಕಿದ. ಇದು ಯಾವ ರಾಗ, ಯಾವ ತಾಳ?

ಬಾಗಲಕೋಟೆ ಹುಡುಗ

ಆಲಾಪ ಇದ್ದ ಹಾಗೆ ಅಲ್ವಾ ಸರ್? ಸುಮ್ನೆ ತಾಳ ಬಿಟ್ಟುಬಿಡಿ.

ಕ್ಯಾಂಪಿನ ಹಳೇ ಹಾಡುಗಾರ್ತಿ

ತಮ್ಮಾ, ನಿನ್ನ ತಪ್ಪೂ ಇಲ್ಲ, ತಬಲಾದವನ ತಪ್ಪೂ ಇಲ್ಲ. ಅದಕ್ಕೆ ತಾಳವೇ ಇಲ್ಲ. ಚರ್ಚಿನ ಹಳೇ ಲ್ಯಾಟಿನ್ ಹಾಡಿನ ಪದ್ಧತಿ, ಗ್ರೆಗೋರಿಯನ್ ಗಾನ ಅಂತಾರೆ. 604ರಲ್ಲಿ ತೀರಿಕೊಂಡ ಪೋಪ್ ಗ್ರೆಗರಿಯ ಹೆಸರು, ಹಾಗಂತ ಅವರೇ ಕಟ್ಟಿದ್ದಲ್ಲ.

ನಾನು ಚಿಕ್ಕವಳಿದ್ದಾಗ ಸಿಸ್ಟರ್ ಒಬ್ಬರು ಕಲಿಸಿದರು. ಮೊದಲ ವಾರ ಹಾಡಿಸಲೇ ಇಲ್ಲ, ಬರೀ ಓದಿಸಿದರು. ಇದೇ ಹಾಡಿನ 'ಮಿಸೆರಿಕೋರ್ದಿಯೆ' ಅನ್ನುವಾಗ 'ಕೋರ್' ಮೇಲೆ ಒತ್ತು ಬೀಳಬೇಕು. ಬೀಳದಿದ್ದರೆ ಮತ್ತೆ ಮೊದಲಿಂದ. ಓದು ಸರಿಯಾದ ಮೇಲೆ ಅದೇ ಓದಿಗೆ ಸ್ವರ ಹಚ್ಚಿದರು. ಮಾತಿನ ನಡಿಗೆಯೇ ಅದರ ಲಯ. ಬರವಣಿಗೆಯಲ್ಲೂ ನಾಲ್ಕೇ ಗೆರೆ, ಚೌಕ ಚುಕ್ಕೆ. ನಡುವೆ ಇರುವ ಗೀಟುಗಳು ಮಾತ್ರೆ ಎಣಿಸಲಿಕ್ಕಲ್ಲ, ಸಾಲು ಮುಗಿಯಿತು, ಉಸಿರು ತಗೋ ಅನ್ನಲಿಕ್ಕೆ.

ರಾಗದ ಬದಲು ಇಲ್ಲಿ ಎಂಟು ಮೋಡ್‌ಗಳಿವೆ. ನೀನು ಕೇಳಿದ್ದು ಐದನೆಯದು, ಸ್ವರಗಳು ನಮ್ಮ ಬಿಲಾವಲ್ ಥಾಟಿನವೇ (ಥಾಟ್ ಅಂದರೆ ಸ್ವರಗಳ ಚೌಕಟ್ಟು), ಎಲ್ಲ ಶುದ್ಧ ಸ್ವರ. ಇದೇ ಪದಗಳಿಗೆ ಇನ್ನೊಂದು ದೊಡ್ಡ ಧಾಟಿ ಇದೆ, ಮೊದಲ ಮೋಡ್‌ನದು. ಅದು 'ಪ ಮ ಪ ಸ' ಅಂತ ಇಳಿಯುತ್ತಲೇ ಶುರು. ಕಾಫಿ ಥಾಟ್ (ಗ, ನಿ ಕೋಮಲ) ಹಿಡಿದು ಹುಡುಕು. ನನಗೆ ಅದೇ ಇಷ್ಟ. ಆದರೆ ಗಂಟಲು ಕಟ್ಟಿದಾಗ ಹಾಡಲು ಚಿಕ್ಕದೇ ಸರಿ, ಅದಕ್ಕೇ ಮಣ್ಣಲ್ಲಿ ಅದು.

ಆಲಾಪ ಅಂದ ತಮ್ಮನಿಗೆ: ಆಲಾಪವನ್ನು ನೀವು ಬೆಳೆಸುತ್ತೀರಿ. ಇಲ್ಲಿ ಒಂದು ಸ್ವರ ಕೂಡಿಸಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ಹೆಚ್ಚುಕಡಿಮೆ ಒಂದು ಅಕ್ಷರಕ್ಕೆ ಒಂದೇ ಸ್ವರ. ಕೊನೆಗೆ 'ಓ ಕ್ಲೆಮೆನ್ಸ್, ಓ ಪಿಯಾ' ಬರುತ್ತಲ್ಲ, ಆ ಓಕಾರದ ಹತ್ತಿರ ಮಾತ್ರ ಸ್ವರಗಳು ಜಾಸ್ತಿ.

ವಿಜಯಪುರದ ಕೀಬೋರ್ಡ್

ನಮ್ಮ ಗಾನವೃಂದದಲ್ಲಿ ಇದು ಯಾರಿಗೂ ಬರಲ್ಲ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (ಕಥೋಲಿಕ ಬಿಷಪ್‌ಗಳ ಸಭೆ) ಪೂಜೆಯಲ್ಲಿ ಊರ ಭಾಷೆಗೆ ದಾರಿ ಬಿಟ್ಟಿತು. ಅದೇ ದಾಖಲೆಯಲ್ಲಿ ಗ್ರೆಗೋರಿಯನ್ ಗಾನಕ್ಕೆ ಮೊದಲ ಮಣೆ ಅಂತಲೂ ಇದೆ. ಮಣೆ ಹಾಕಿದೆ, ಕೂರುವವರಿಲ್ಲ. ನಾನೊಮ್ಮೆ ಇದಕ್ಕೆ ಕಾರ್ಡ್ (ಹಲವು ಸ್ವರ ಒಟ್ಟಿಗೆ ಒತ್ತೋದು) ಹಾಕಿ ನುಡಿಸಿ ಹಿರಿಯ ಫಾದರ್ ಹತ್ತಿರ ಬೈಸಿಕೊಂಡಿದ್ದೇನೆ. ಪೇಟಿಯಣ್ಣ, ಒಂಟಿ ಸ್ವರವನ್ನೇ ನುಡಿಸಿ.

ಅಂದಹಾಗೆ ನಿಮಗೆ ಹಿಡಿಸಬಹುದು: 11ನೇ ಶತಮಾನದ ಗ್ವಿದೋ ಅನ್ನೋ ಸನ್ಯಾಸಿ ಹುಡುಗರಿಗೆ ಹಾಡು ಬೇಗ ಬರಲಿ ಅಂತ ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರ ಎತ್ತಿಕೊಂಡು ನಮ್ಮ ಸರಿಗಮದ ಹಾಗೆ 'ಉತ್ ರೆ ಮಿ ಫಾ ಸೋಲ್ ಲಾ' ಮಾಡಿದ. ಆರೇ. ನಿಷಾದಕ್ಕೆ ಹೆಸರೇ ಇರಲಿಲ್ಲ!

ಪೇಟಿಯವ

ಅಕ್ಕಾರ, ನಿನ್ನೆ ರಾತ್ರಿ ತಬಲಾದವನನ್ನು ಕರೆದೆ, ತಬಲಾ ತರಬೇಡ ಅಂದೆ. ಅವನು ಓದಿದ, ನಾನು ಅವನ ಬಾಯಿ ನೋಡಿಕೊಂಡು ಬೆರಳಿಟ್ಟೆ. 'ಕೋರ್' ಬಂದಾಗ ತಿದಿ ಸ್ವಲ್ಪ ಒತ್ತಿದೆ. ಕೂತಿತು! ಎರಡನೇ ಸಲಕ್ಕೆ ಅವನ ಕೈ ತೊಡೆ ಮೇಲೆ ಕೇರವಾ ಶುರು ಮಾಡಿತ್ತು, ಹಿಡಿದು ನಿಲ್ಲಿಸಿದೆ. ಓಕಾರದಲ್ಲಿ ಮಾತ್ರ ಇಬ್ಬರೂ ಸಿಕ್ಕಿಬಿದ್ದೆವು. ಅಷ್ಟು ತುಣುಕನ್ನು ಹಾಡಿ ಕಳಿಸ್ತೀರಾ?